ಟವೆಲ್ ತೆಗೆಯುವ ಹೊತ್ತು

ಅವನ ಮಣ್ಣು ಮುಗಿಸಿ ಬಂದು ಎಂಟು ದಿನವಾಗಿತ್ತು. ನಮ್ಮ ಕಬಡ್ಡಿ ಸಂಘದ ಅಧ್ಯಕ್ಷರು ಫೋನು ಮಾಡಿದರು. ಈ ಸಲದ ಪಂದ್ಯಾವಳಿಗೆ ಸ್ಮರಣ ಸಂಚಿಕೆ ತರುತ್ತಿದ್ದೇವೆ, ಅವನ ಬಗ್ಗೆ ಒಂದು ಪುಟ ನೀವೇ ಬರೆಯಬೇಕು ಎಂದರು. ಬರೆದುಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಫೋನು.

“ಮಾಸ್ತರ, ನಮ್ಮ ಕಡೆ ಅಂವನ ಫೋಟೋ ಎರಡು ಅದಾವು. ಒಂದು ಆಪರೇಶನ್ ಮೊದಲಿಂದು, ಒಂದು ಆದಮ್ಯಾಲಿಂದು. ಯಾವುದು ಹಾಕೋಣು?”

“ಮೊದಲಿಂದು ಹಾಕ್ರಿ ಸಾವಕಾರ್ರ. ಕಪ್ ಹಿಡಕೊಂಡು ನಿಂತದ್ದು ಐತೆಲ್ಲ.”

ಅವರು ಹೇಳಿದರು: “ಅದರಾಗ ಮಂದಿಗೆ ಅಂವನ ಗುರುತು ಸಿಗಾಂಗಿಲ್ರಿ.”

ನಾನು ಬರೆದ ಪುಟವನ್ನು ವಾಪಸು ತೆಗೆದುಕೊಂಡೆ. ಅದರಿಂದ ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಆ ಜಾಗದಲ್ಲಿ ಹತ್ತಿಬೀಜದ ಜಾಹೀರಾತು ಬಂತು. ಈಗ ಬರೆಯುತ್ತಿರುವುದು ಆ ಪುಟವಲ್ಲ. ಅದರಲ್ಲಿ ಅವನನ್ನು ‘ಸಮಾಜಮುಖಿ ಕ್ರೀಡಾಪಟು’ ಎಂದು ಕರೆದಿದ್ದೆ, ನನ್ನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಇದರಲ್ಲಿ ಅವನ ಹೆಸರು ಬರುವುದಿಲ್ಲ. ಹಾಗೆಂದು ಅವನ ಹೆಂಡತಿ ಶಾಂತವ್ವನಿಗೆ ಮಾತು ಕೊಟ್ಟಿದ್ದೇನೆ.

ರಾಣೆಬೆನ್ನೂರಿನಲ್ಲಿ ನಮ್ಮದೂ ಅವನದೂ ಒಂದೇ ಓಣಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು, ಸಂಘದ ಪಂದ್ಯಗಳಿದ್ದಾಗ ಮೈಕು ಹಿಡಿಯುವವನು. ಅವನು ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದ. ಮುಂಜಾನೆ ರೈಲಿಗೆ ಹೋದರೆ ಸಂಜೆ ರೈಲಿಗೆ ಬರುವುದು, ಬಂದವನೇ ಅಂಗಿ ಕಳಚಿ ಮೈದಾನಕ್ಕೆ ಇಳಿಯುವುದು. ಅವನ ಮೈಗೆ ಮೆಣಸಿನಕಾಯಿ ಪುಡಿ ಅಂಟಿರುತ್ತಿತ್ತು. ಹಿಡಿಯಲು ಹೋದವರು ಕಣ್ಣುಜ್ಜಿಕೊಂಡು ಹಿಂದೆ ಸರಿಯುತ್ತಿದ್ದರು. ಮೈ ತೊಳೆದುಕೊಂಡು ಬಾರೋ ಎಂದರೆ, “ಹಿಡಿಯವ್ರು ಕಣ್ಣು ಮುಚ್ಚಿ ಹಿಡೀರಿ” ಎನ್ನುತ್ತಿದ್ದ.

ರೇಡರ್ ಎಂದರೆ ಅವನೇ. ಎದುರು ತಂಡದ ಏಳು ಜನರ ನಡುವೆ ಹೋಗಿ, ತೊಡೆ ತಟ್ಟಿ, ಉಸಿರು ಬಿಡದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಬ್ಬನನ್ನು ಮುಟ್ಟಿ ಬರುವುದು ಎಲ್ಲ ರೇಡರ್‌ಗಳೂ ಮಾಡುವ ಕೆಲಸ. ಅವನಿಗೆ ಮುಟ್ಟಿದರೆ ಸಾಲುತ್ತಿರಲಿಲ್ಲ. ಗಲ್ಲ ಚಿವುಟಿ ಬರುತ್ತಿದ್ದ. ದೊಡ್ಡ ಮೀಸೆಯ ಗಂಡಸರ ಗಲ್ಲವನ್ನು ಕೂಸಿನ ಗಲ್ಲ ಹಿಂಡಿದಂತೆ ಹಿಂಡಿ, ಗೆರೆ ದಾಟಿ, ತಿರುಗಿ ನಗುತ್ತಿದ್ದ. ಒಮ್ಮೆ ಬ್ಯಾಡಗಿಯಲ್ಲಿ ಎದುರಾಳಿಯೊಬ್ಬ ಜಾರಿ ಬಿದ್ದು ಹೆಗಲ ಮೂಳೆ ಮುರಿದುಕೊಂಡು ಚೀರುತ್ತಿದ್ದಾಗ, ಇವನು ಅವನ ಎದೆಯ ಮೇಲೆ ಕಾಲಿಟ್ಟು ದಾಟಿ ಬಂದು ಗೆರೆ ಮುಟ್ಟಿದ. ನಾನು ಮೈಕಿನಲ್ಲಿ “ಅಡ್ಡ ಬಿದ್ದವರನ್ನೂ ಬಿಡದ ಹುಲಿ!” ಎಂದು ಕೂಗಿದೆ. ಜನ ಶಿಳ್ಳೆ ಹೊಡೆದರು. ಆಮೇಲೆ ಆ ಹುಡುಗ ಆಡಿದ್ದನ್ನು ನಾನು ನೋಡಿಲ್ಲ.

ಅವನು ಒಳ್ಳೆಯ ಮನುಷ್ಯನಾಗಿದ್ದ ಎಂದು ಹೇಳಿ ಯಾರ ಕಣ್ಣಲ್ಲೂ ನೀರು ತರಿಸುವ ಇಚ್ಛೆ ನನಗಿಲ್ಲ. ಸಿಟ್ಟಿನವನು, ಹೊಟ್ಟೆಕಿಚ್ಚಿನವನು, ತನ್ನ ತಂಡದಲ್ಲಿ ಇನ್ನೊಬ್ಬ ಚೆನ್ನಾಗಿ ಆಡಿದರೆ ಆ ದಿನ ಊಟ ಸೇರದವನು. ಹೊಸ ಹುಡುಗರಿಗೆ ಮಾತ್ರ ಒಂದು ಮಾತು ಕಲಿಸುತ್ತಿದ್ದ: “ಹಿಡಿಯಾಕ ಬರೋನ ಮಾರಿ ನೋಡಬ್ಯಾಡ್ರಿ, ಕಾಲು ನೋಡ್ರಿ. ಮಾರಿ ಸುಳ್ಳು ಹೇಳತೈತಿ.”

ಬಾಯಲ್ಲಿ ಸದಾ ಗುಟ್ಕಾ. ರೇಡಿಗೆ ಹೋಗುವಾಗಲೂ ಬಲಗಲ್ಲದ ಒಳಗೆ ಒತ್ತಿಕೊಂಡೇ ಹೋಗುತ್ತಿದ್ದ. ಮೆಣಸಿನಕಾಯಿಯ ಘಾಟು ತಡೆಯಬೇಕಾದರೆ ಬಾಯಲ್ಲಿ ಏನಾದರೂ ಇರಬೇಕು ಎನ್ನುವುದು ಅವನ ಸಮರ್ಥನೆ. ಪೇಟೆಯ ಹಮಾಲರೆಲ್ಲ ಅದನ್ನೇ ಹೇಳುತ್ತಿದ್ದರು, ಹೇಳುತ್ತ ಉಗುಳುತ್ತಿದ್ದರು.

ಅವನಿಗೆ ನಲವತ್ತರ ಹತ್ತಿರ ಬಂದಾಗ ಒಂದು ಸಂಜೆ ಗಾಡಿಯ ಮುಂದೆ ನಿಂತು ಇಬ್ಬರೂ ಮಿರ್ಚಿ ಭಜಿ ತಿನ್ನುತ್ತಿದ್ದೆವು. ಅವನು ಭಜಿಯನ್ನು ಬೆರಳಿನಿಂದ ಚೂರು ಮಾಡಿ, ಹಲ್ಲಿನ ಸಂದಿಯೊಳಗೆ ತುರುಕುತ್ತಿದ್ದ.

“ಹಂಗ್ಯಾಕ ತಿಂತೀಯೋ?”

“ಬಾಯಿ ತೆರಿಯವಲ್ದ್ರಿ ಮಾಸ್ತರ. ಎರಡು ತಿಂಗಳಾತು.”

“ಡಾಕ್ಟರಿಗೆ ತೋರಿಸಿದಿ?”

“ತೋರಿಸಿದ್ರ ಹೆಸರು ಹೇಳತಾರ್ರಿ,” ಎಂದ. ರೋಗದ ಹೆಸರು ಎಂದು ಅವನ ಅರ್ಥ.

ಹುಬ್ಬಳ್ಳಿಯಲ್ಲಿ ಹೆಸರು ಹೇಳಿದರು. ಕೆಳದವಡೆಯ ಬಲಭಾಗ ತೆಗೆಯಬೇಕು ಎಂದರು. ಇಲ್ಲೊಂದು ಮಾತು ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ: ಅವನನ್ನು ಬದುಕಿಸಿದ್ದು ನಮ್ಮ ಸಂಘವೇ. ಅಧ್ಯಕ್ಷರು, ಅಂದರೆ ಬೀಜದ ವ್ಯಾಪಾರದ ಸಾವಕಾರರು, ಒಂದೇ ವಾರದಲ್ಲಿ ಸಹಾಯಾರ್ಥ ಪಂದ್ಯ ಏರ್ಪಡಿಸಿದರು. ಹಾವೇರಿಯಿಂದ, ದಾವಣಗೆರೆಯಿಂದ ತಂಡಗಳು ಬಿಟ್ಟಿ ಬಂದು ಆಡಿದವು. ಗ್ಯಾಲರಿ ತುಂಬಿತು. ಆ ಹಣದಲ್ಲಿ ಆಪರೇಶನ್ ಆಯಿತು. ಶಾಂತವ್ವ ಸಾವಕಾರರ ಕಾಲಿಗೆ ಬಿದ್ದಳು. ಅವರು ಹಿಂದೆ ಸರಿದು, “ಏಳವ್ವಾ, ನಮ್ಮ ಹುಡುಗ ಅಂವ” ಎಂದರು. ಅದು ಬಾಯಿಮಾತಾಗಿರಲಿಲ್ಲ.

ಅವನು ತಿರುಗಿ ಬಂದಾಗ ಮುಖದ ಬಲಭಾಗ ಒಳಗೆ ಕುಸಿದಿತ್ತು. ಎದೆಯ ಚರ್ಮ ತೆಗೆದು ಅಲ್ಲಿ ಹೊಲಿದಿದ್ದರು. ತುಟಿ ಒಂದಕ್ಕೊಂದು ಕೂಡುತ್ತಿರಲಿಲ್ಲ, ಜೊಲ್ಲು ನಿಲ್ಲುತ್ತಿರಲಿಲ್ಲ. ಪ, ಬ, ಮ ಹೊರಡುತ್ತಿರಲಿಲ್ಲ. ಇಲ್ಲಿ ಅವನ ಮಾತನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಆಡುವಾಗ ಹಾಗಿರಲಿಲ್ಲ. ಹೆಂಡತಿಗೆ, ಮಗಳಿಗೆ, ಕ್ರಮೇಣ ನನಗೆ ತಿಳಿಯುತ್ತಿತ್ತು. ಬ್ಯಾಡಗಿಯ ಅಂಗಡಿಯವರು ಒಂದು ವಾರ ಇಟ್ಟುಕೊಂಡರು. ಮಾಲು ತಂದ ರೈತರು ತಕ್ಕಡಿ ನೋಡುವುದನ್ನು ಬಿಟ್ಟು ಅವನ ಮುಖ ನೋಡುತ್ತಾರೆ ಎಂದು ಕೆಲಸ ಬಿಡಿಸಿದರು. ಮುಖಕ್ಕೆ ಟವೆಲ್ ಸುತ್ತಿಕೊಂಡು ಓಣಿಯ ಕಟ್ಟೆಯ ಮೇಲೆ ಕೂಡುವುದು ಶುರುವಾಯಿತು. ಸಾವಕಾರರೇ ಕರೆದು ಮೈದಾನ ನೋಡಿಕೊಳ್ಳುವ ಕೆಲಸ ಕೊಟ್ಟರು.

ಆಮೇಲೆ ಒಂದು ದಿನ ಸಂಘದ ಸಭೆಯಲ್ಲಿ ಸಾವಕಾರರು ಹೇಳಿದರು: “ಮಾಸ್ತರ, ನಮ್ಮ ಸಂಘಕ್ಕ ಒಂದು ಸಾಮಾಜಿಕ ಕಾಳಜಿ ಬೇಕು. ಬರೇ ಆಟ ಅಂದ್ರ ಯಾರೂ ಬರಾಂಗಿಲ್ಲ. ಕಾಳಜಿ ಅಂದ್ರ ಮೈದಾನ ಬಿಟ್ಟಿ ಸಿಗತೈತಿ, ಅಧಿಕಾರಿಗಳು ಉದ್ಘಾಟನೆಗೆ ಬರತಾರ, ಸಾಲಿ ಮಕ್ಕಳನ್ನ ಕಳಸ್ತಾರ, ಪೇಪರಿನ್ಯಾಗ ಬರತೈತಿ.” ಸುತ್ತ ನೋಡಿ, ಗೋಡೆಯ ಬದಿಗೆ ಟವೆಲ್ ಸುತ್ತಿಕೊಂಡು ಕುಳಿತವನ ಕಡೆ ಕೈ ತೋರಿಸಿದರು. “ವ್ಯಸನಮುಕ್ತ ಕಬಡ್ಡಿ. ನಮ್ಮ ಹುಡುಗನ ಅದಾನಲ್ಲ.”

ಅವನು ಎದ್ದು ನಿಂತ. “ನಾ ಮಾಡತೇನ್ರಿ” ಎಂದ. ಯಾರೂ ಒತ್ತಾಯ ಮಾಡಲಿಲ್ಲ. ಇದನ್ನೂ ಹೇಳಬೇಕು.

ಭಾಷಣ ಬರೆದದ್ದು ನಾನು. ನಾಲ್ಕು ವಾಕ್ಯ. “ಇವರು ನಮ್ಮೂರ ಹುಲಿ. ಈ ಅಂಗಳದಲ್ಲಿ ಇವರನ್ನು ಹಿಡಿದವರಿರಲಿಲ್ಲ. ಇವರನ್ನು ಹಿಡಿದದ್ದು ಒಂದು ಸಣ್ಣ ಪ್ಯಾಕೆಟ್. ನೋಡಿ.” ಅವನು ಮಾತಾಡಿದರೆ ಜನಕ್ಕೆ ತಿಳಿಯುವುದಿಲ್ಲವೆಂದು ನಾನೇ ಮೈಕಿನಲ್ಲಿ ಓದುವುದು, ಅವನು ಅಂಗಳದ ನಡುವೆ ನಿಲ್ಲುವುದು, ‘ನೋಡಿ’ ಎಂದಾಗ ಟವೆಲ್ ತೆಗೆಯುವುದು. ಖಾಲಿ ಮೈದಾನದಲ್ಲಿ ಎರಡು ಮಧ್ಯಾಹ್ನ ತಾಲೀಮು ಮಾಡಿಸಿದೆ. ಮೊದಲ ಸಲ ನಾನು ‘ನೋಡಿ’ ಎನ್ನುತ್ತಿದ್ದಂತೆಯೇ ಅವನು ತೆಗೆದುಬಿಟ್ಟ. “ಅವಸರ ಮಾಡಬ್ಯಾಡೋ. ನಾ ಅಂದಮ್ಯಾಲ ಮನಸಿನ್ಯಾಗ ಮೂರು ಎಣಿಸು. ಮಂದಿ ಉಸಿರು ಹಿಡೀಲಿ” ಎಂದು ತಿದ್ದಿದೆ. ಅವನು ಕಲಿತ. ನಟನೆ ಚೆನ್ನಾಗಿ ಕೂಡಿಬಂತೆಂದು ನನಗೆ ಸಂತೋಷವಾಯಿತು.

ಮೊದಲ ಸಲ ರಾಣೆಬೆನ್ನೂರಿನಲ್ಲಿ ಅವನು ಟವೆಲ್ ತೆಗೆದಾಗ ಅಷ್ಟು ದೊಡ್ಡ ಗ್ಯಾಲರಿಯಲ್ಲಿ ಒಂದು ಸದ್ದಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಪಕ್ಕದಲ್ಲಿ ನಿಂತ ಸ್ಕೋರ್ ಬರೆಯುವವನು ಬಾಯಲ್ಲಿದ್ದುದನ್ನು ಉಗುಳಿ, ನೀರು ಮುಕ್ಕಳಿಸಿ, ಆ ದಿನದಿಂದ ಬಿಟ್ಟ, ಇಂದಿಗೂ ಮುಟ್ಟಿಲ್ಲ. ಭಜಿ ಗಾಡಿಯವನು ಬಿಟ್ಟ. ಬ್ಯಾಡಗಿಯ ಇಬ್ಬರು ಹಮಾಲರು ಬಿಟ್ಟರು. ನನಗೆ ಗೊತ್ತಿರುವವರೇ ಇಷ್ಟು. ಗೊತ್ತಿಲ್ಲದವರು ಇನ್ನೆಷ್ಟೋ.

ಆ ಸಂಜೆ ಅವನು ನನ್ನ ಕೈ ಹಿಡಿದುಕೊಂಡ. “ಮಾಸ್ತರ, ಭಾಳ ದಿನದ ಮ್ಯಾಲ ರೇಡ್ ಹೊಡದಂಗಾತು.”

ಅಲ್ಲಿಂದ ಅವನಿಗೆ ಅದೇ ಹುಚ್ಚು. ಸಂಘದ ಕಾರ್ಯಕ್ರಮವಿಲ್ಲದ ದಿನ ತಾನೇ ರೈಲು ಹತ್ತಿ ಬ್ಯಾಡಗಿ ಪೇಟೆಗೆ ಹೋಗಿ ಹಳೆಯ ಗೆಳೆಯರ ಕಿಸೆಯೊಳಗೆ ಕೈ ಹಾಕಿ ಪ್ಯಾಕೆಟ್ ಕಿತ್ತು ಗಟಾರಕ್ಕೆ ಎಸೆಯುತ್ತಿದ್ದ. ಬೈದರೆ ಟವೆಲ್ ತೆಗೆಯುತ್ತಿದ್ದ. ಒಬ್ಬ ಹಮಾಲ ಕಪಾಳಕ್ಕೆ ಹೊಡೆದ, ಹೊಲಿದ ಕಡೆಗೇ. ಇವನು ಅವನ ಗಲ್ಲ ಚಿವುಟಿ ಬಂದನಂತೆ.

ಮೂರು ಪಂದ್ಯಾವಳಿ ಆಗುವಷ್ಟರಲ್ಲಿ ಜನಕ್ಕೆ ರೂಢಿಯಾಯಿತು. ಅಳುವುದು ನಿಂತಿತು. ನಾನು ಮೂರನೆಯ ವಾಕ್ಯಕ್ಕೆ ಬರುವ ಮೊದಲೇ ಗ್ಯಾಲರಿಯಿಂದ ‘ಟವೆಲ್! ಟವೆಲ್!’ ಎಂಬ ಕೂಗು ಏಳತೊಡಗಿತು. ನಮ್ಮ ಶಾಲೆಯ ಮಕ್ಕಳು ಬಿಡುವಿನಲ್ಲಿ ಕರವಸ್ತ್ರ ಮುಖಕ್ಕೆ ಕಟ್ಟಿಕೊಂಡು, ಬಾಯಿ ಸೊಟ್ಟ ಮಾಡಿ ಅದೇ ಆಟ ಆಡುತ್ತಿದ್ದರು. ಅವನ ಮಗಳು ಆಗ ನಮ್ಮಲ್ಲೇ ಎಂಟನೆಯ ತರಗತಿಯಲ್ಲಿದ್ದಳು. ಅವಳು ಬಿಡುವಿನಲ್ಲಿ ಹೊರಗೆ ಬರುವುದನ್ನು ಬಿಟ್ಟಳು. ನಾನು ಮಕ್ಕಳಿಗೆ ಗದರಿಸಿದೆ. ಸಾವಕಾರರಿಗೂ ಹೇಳಿದೆ.

“ಮಂದಿ ಕೇಳಾಕತ್ತಾರ ಅಂದ್ರ ಚಲೋ ಅಲ್ಲೇನ್ರಿ ಮಾಸ್ತರ?” ಎಂದರು. “ಮೊದಲ ಆಗೂದು ಬ್ಯಾಡ. ಫೈನಲ್ ಮುಂಚೆ ಇಡ್ರಿ. ಕೌಂಟರಿನ್ಯಾಗ ಟಿಕೆಟ್ ತೀರೂತನಕ ಅಂವ ತಡೀಲಿ.”

ತಡೆದ. ಬಿಸಿಲಲ್ಲಿ, ತಗಡಿನ ಶೆಡ್ಡಿನ ಹಿಂದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ತಾಸುಗಟ್ಟಲೆ ಕಾಯುತ್ತಿದ್ದ. ಸ್ಟ್ರಾ ಹಾಕಿ ಮಜ್ಜಿಗೆ ಕೊಟ್ಟರೆ ಅರ್ಧ ಎದೆಗೆ ಇಳಿಯುತ್ತಿತ್ತು.

ಹಾವೇರಿಯ ಪಂದ್ಯಾವಳಿಗೆ ಮೊದಲ ಸಲ ದೊಡ್ಡ ಪ್ರಾಯೋಜಕರು ಸಿಕ್ಕರು. ಮಣ್ಣಿನ ಅಂಗಳ ಹೋಗಿ ಮ್ಯಾಟ್ ಬಂತು. ಆಟಗಾರರಿಗೆ ಹೊಸ ಜರ್ಸಿ ಬಂತು. ಸುತ್ತಲ ಊರುಗಳ ಶಾಲೆಗಳಿಂದ ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ತರುವ ಖರ್ಚನ್ನೂ ಆ ಕಂಪನಿಯೇ ಕೊಟ್ಟಿತು, ವ್ಯಸನಮುಕ್ತ ಸಮಾಜಕ್ಕಾಗಿ. ಮಧ್ಯಾಹ್ನ ಮೂರರ ಸುಮಾರಿಗೆ ಮ್ಯಾಟ್ ಹಾಸುತ್ತಿದ್ದರು. ಅವನು ಕೆಳಗೆ ಕುಳಿತು ಅಂಚು ಒತ್ತುತ್ತಿದ್ದವನು, ನಡುವಿನ ತುಂಡು ಬಿಚ್ಚಿಕೊಂಡಾಗ ಕೈ ತೆಗೆದ. ಅಲ್ಲಿ ಕಂಪನಿಯ ಗುರುತು ಮೊರದಷ್ಟು ದೊಡ್ಡದಾಗಿ ಅಚ್ಚಾಗಿತ್ತು. ಎದ್ದು ಸಾವಕಾರರ ಹತ್ತಿರ ಬಂದ. ನಾನು ಪಕ್ಕದಲ್ಲೇ ಮೈಕಿನ ವೈರು ಜೋಡಿಸುತ್ತಿದ್ದೆ.

“ಸಾವಕಾರ್ರ, ಇದು ಅದ ಪ್ಯಾಕೀಟಿಂದು.”

“ಯಾಲಕ್ಕಿ ಅದು. ಯಾಲಕ್ಕಿ ಅಂತ ಬರದೈತಿ, ಓದಾಕ ಬರಾಂಗಿಲ್ಲೇನು?”

“ಹೆಸರು ಅದ ಐತಿ. ಬಣ್ಣ ಅದ ಐತಿ. ಇಪ್ಪತ್ತು ವರ್ಷ ಹರದು ಬಾಯಾಗ ಹಾಕ್ಕೊಂಡೇನಿ, ನಂಗ ಗೊತ್ತಾಗೂದಿಲ್ಲೇನ್ರಿ?”

ಸಾವಕಾರರು ಸಿಟ್ಟಾಗಲಿಲ್ಲ. ಅವನ ಹೆಗಲ ಮೇಲೆ ಕೈ ಇಟ್ಟರು. “ಕೇಳಿಲ್ಲೆ. ಗುಟ್ಕಾದ ಜಾಹೀರಾತು ಹಾಕಾಕ ಬರೂದಿಲ್ಲ, ಅದಕ್ಕ ಯಾಲಕ್ಕಿ ಅಂತಾರ. ನಂಗೂ ಗೊತ್ತೈತಿ, ನಿಂಗೂ ಗೊತ್ತೈತಿ. ಆದ್ರ ಅವ್ರಿಲ್ಲಂದ್ರ ಈ ಮ್ಯಾಟ್ ಇಲ್ಲ, ಪಂದ್ಯ ಇಲ್ಲ. ಪಂದ್ಯ ಇಲ್ಲಂದ್ರ ಇಷ್ಟು ಮಂದಿ ನಿನ್ನ ಮುಂದ ಎಲ್ಲಿ ಕೂಡತಾರ? ಬಸ್‌ಸ್ಟ್ಯಾಂಡಿನ್ಯಾಗ ನಿಂತು ಟವೆಲ್ ತಗದ್ರ ಯಾರ ನೋಡತಾರ ನಿನ್ನ?”

“ಅವ್ರ ರೊಕ್ಕ ತಗೊಂಡು ಅವ್ರ ಮಾಲು ತಿನಬ್ಯಾಡ್ರಿ ಅನ್ನೂದು ಹೆಂಗ್ರಿ?”

“ಅವ್ರ ರೊಕ್ಕ, ನಿನ್ನ ಮಾತು. ಅದರಾಗ ತಪ್ಪೇನೈತಿ? ಅವ್ರ ನಿನ್ನ ಕೇಳ್ಯಾರ ಮತ್ತ.”

“ನನ್ನ ಕೇಳ್ಯಾರಾ?”

“ಹೌದು. ಫೋನ್ ಮಾಡಿದಾಗ ಮೊದಲ ಅದನ್ನ ಕೇಳಿದ್ರು. ಟವೆಲ್‌ನಂವ ಇರತಾನಿಲ್ಲೋ ಅಂತ. ಅವ್ರಿಗೂ ಒಳ್ಳೇ ಹೆಸರು ಬೇಕಲ್ಲ.”

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. “ಮಾಸ್ತರ, ನೀವು ಹೇಳ್ರಿ.”

ನಾನು ಮೂವತ್ತು ವರ್ಷ ಮಕ್ಕಳಿಗೆ ನೀತಿಪದ್ಯ ಕಲಿಸಿದವನು. ಸಾವಕಾರರ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಈಗಲೂ ನನಗೆ ಪೂರ್ತಿ ಗೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಅದನ್ನು ಹುಡುಕುತ್ತಲೂ ಇರಲಿಲ್ಲ. ಹೊರಗೆ ಬಸ್ಸುಗಳು ಬಂದು ನಿಲ್ಲುತ್ತಿದ್ದವು, ಮೈಕು ಇನ್ನೂ ಸರಿಯಾಗಿರಲಿಲ್ಲ, ಕಾರ್ಯಕ್ರಮ ಕೆಡಬಾರದು ಎನ್ನುವುದಷ್ಟೇ ತಲೆಯಲ್ಲಿತ್ತು.

“ಇದೊಂದ ಸಲ ಮುಗಸು,” ಎಂದೆ. “ಮುಂದಿಂದು ಕುಂತು ಮಾತಾಡೋಣು.”

ಅವನು ತಲೆಯಾಡಿಸಿದ. ಒಪ್ಪಿದನೆಂದುಕೊಂಡೆ.

ಫೈನಲ್ ಮುಂಚೆ ಅವನನ್ನು ಕರೆದೆವು. ವೇದಿಕೆಯ ಮೇಲೆ ಕಂಪನಿಯ ಮನುಷ್ಯ ಹಾರ ಹಾಕಿಕೊಂಡು ಕುಳಿತಿದ್ದ. ಟವೆಲ್ ಸುತ್ತಿಕೊಂಡವನು ಮ್ಯಾಟ್ ಮೇಲೆ ನಡೆದು ಬಂದು ಆ ಗುರುತಿನ ಮೇಲೆ ನಿಂತ. ಗ್ಯಾಲರಿ ಆಗಲೇ ಕೂಗುತ್ತಿತ್ತು. ನಾಲ್ಕೂ ವಾಕ್ಯ ಓದಿದೆ. “ನೋಡಿ” ಎಂದೆ. ಮೂರು ಎಣಿಸುವಷ್ಟು ಹೊತ್ತಾಯಿತು. ಹತ್ತು ಎಣಿಸುವಷ್ಟಾಯಿತು. ಅವನು ಟವೆಲ್ ತೆಗೆಯಲಿಲ್ಲ.

ಆಮೇಲೆ ಗ್ಯಾಲರಿಗೆ ಬೆನ್ನು ಮಾಡಿ ವೇದಿಕೆಯ ಕಡೆ ತಿರುಗಿದ. ಟವೆಲ್ ಬಿಚ್ಚಿ, ಅದನ್ನು ಕಂಪನಿಯ ಹೆಸರಿನ ಮೇಲೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ. ಆ ಮುಖ ಈಗ ವೇದಿಕೆಯವರಿಗೆ ಮಾತ್ರ ಕಾಣುತ್ತಿತ್ತು. ಕಂಪನಿಯ ಮನುಷ್ಯ ಕೊರಳ ಹಾರ ಸರಿಮಾಡಿಕೊಂಡು ಫೋನು ನೋಡತೊಡಗಿದ. ಅಧಿಕಾರಿಗಳೊಬ್ಬರು ನೀರು ಕೇಳಿದರು.

ಮೊದಲು ಜನ ನಕ್ಕರು. ಏನೋ ಹೊಸದು ಇರಬೇಕು ಎಂದು ಕಾದರು. ಏನೂ ಆಗದಾಗ ಸಿಟ್ಟಾದರು. ಟಿಕೆಟ್ ಕೊಂಡು ಬಂದವರು. “ಏಳಲೇ!”, “ಈ ಕಡೆ ತಿರುಗಲೇ ಸೊಟ್ಟಬಾಯಿ!” ಎಂಬ ಕೂಗು. ಶೇಂಗಾ ಸಿಪ್ಪೆ ಬಿತ್ತು, ನೀರಿನ ಪಾಕೀಟು ಬಿತ್ತು. ಒಂದು ಅವನ ಕಿವಿಯ ಮೇಲೇ ಒಡೆಯಿತು. ಅವನು ಕೂತಲ್ಲಿಂದ ಅಲುಗಲಿಲ್ಲ. ಸಾವಕಾರರು ನಮ್ಮ ತಂಡದ ಹುಡುಗರಿಗೆ ಸನ್ನೆ ಮಾಡಿದರು. ಅವನೇ ಕಾಲಿನ ಪಾಠ ಹೇಳಿಕೊಟ್ಟ ನಾಲ್ವರು ಬಂದು, ರೇಡರನ್ನು ಹಿಡಿಯುವಂತೆ ತೊಡೆಗೆ, ಸೊಂಟಕ್ಕೆ, ಕೈಗೆ ಕೈ ಹಾಕಿ ಅವನನ್ನು ಎತ್ತಿದರು. ಅವನು ಕೊಸರಿದ. ಖರೇ ಆಟದಲ್ಲಿ ಕೊಸರಿದಂತೆಯೇ ಕೊಸರಿದ. ಬಾಯಿಂದ ಏನೋ ಸದ್ದು ಬರುತ್ತಿತ್ತು, ಕಬಡ್ಡಿ ಎನ್ನುತ್ತಿದ್ದನೋ ಬೇರೆ ಏನನ್ನುತ್ತಿದ್ದನೋ ತಿಳಿಯಲಿಲ್ಲ. ಗ್ಯಾಲರಿ ಎದ್ದು ನಿಂತಿತ್ತು.

ಸಾವಕಾರರು ನನ್ನ ಕಡೆ ನೋಡಿ “ಏನರ ಅನ್ರಿ ಮಾಸ್ತರ” ಎಂದರು. ಅನ್ನಬೇಕಾಗಿರಲಿಲ್ಲ. ಮೈಕು ಕೈಯಲ್ಲಿತ್ತು, ಐದು ಸಾವಿರ ಕಣ್ಣು ಎದುರಿಗಿದ್ದವು, ಮಾತು ತಾನೇ ಬಾಯಿಗೆ ಬಂತು.

“ಔಟ್! ಹಳೇ ಹುಲಿ ಔಟ್! ಹಲ್ಲಿಲ್ಲದ ಹುಲಿಗೆ ಹಾದಿ ಬಿಡ್ರಪ್ಪೋ, ಫೈನಲ್ ಶುರು!”

ಇಡೀ ಮೈದಾನ ನಕ್ಕಿತು. ಸಿಟ್ಟೆಲ್ಲ ಇಳಿದುಹೋಯಿತು. ಕಂಪನಿಯ ಮನುಷ್ಯನೂ ಫೋನಿನಿಂದ ತಲೆ ಎತ್ತಿ ನಕ್ಕ. ಆ ನಾಲ್ವರು ಅವನನ್ನು ಗೆರೆಯ ಆಚೆ ಇಳಿಸಿದಾಗ ಅವನ ಕೊಸರಾಟ ನಿಂತಿತ್ತು. ಮುಖ ಮುಚ್ಚಿಕೊಳ್ಳಲು ಟವೆಲ್ ಇರಲಿಲ್ಲ. ಎರಡೂ ಕೈಯಿಂದ ಮುಚ್ಚಿಕೊಂಡು ಗ್ಯಾಲರಿಯ ಕೆಳಗಿನ ದಾರಿಯಿಂದ ಹೋದ. ಸಂಜೆ ಸಾವಕಾರರು ನನ್ನ ಬೆನ್ನು ತಟ್ಟಿ, “ಮಾನ ಉಳಿಸಿದ್ರಿ” ಎಂದರು. ಆ ಕ್ಷಣ ನನಗೆ ಹೆಮ್ಮೆಯೇ ಆಯಿತು. ನಾಚಿಕೆ ಮರುದಿನ ಬಂತು.

ಅವನು ಮತ್ತೆ ಸಂಘದ ಕಡೆ ಬರಲಿಲ್ಲ. ಮೈದಾನದ ಕೆಲಸವೂ ಹೋಯಿತು. ಶಾಂತವ್ವ ಸಾವಜಿ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಹೋಗತೊಡಗಿದಳು. ಅವನು ಒಬ್ಬನೇ ಊರೂರು ತಿರುಗಲು ನೋಡಿದ. ಹೊಸರಿತ್ತಿ ಕಡೆಯ ಬಸ್ಸು ಹತ್ತಿ ಹೋಗಿ ಹಳ್ಳಿಯೊಂದರ ಶಾಲೆಯ ಮುಂದೆ ನಿಂತರೆ, ಯಾರು ನೀವು, ಯಾವ ಸಂಘದ ಪತ್ರ ಇದೆ ಎಂದು ಕೇಳಿ ಕಳಿಸಿದರಂತೆ. ಬಸ್‌ಸ್ಟ್ಯಾಂಡಿನಲ್ಲಿ ಟವೆಲ್ ತೆಗೆದು ನಿಂತರೆ ಯಾರೋ ಕೈಗೆ ಎರಡು ರೂಪಾಯಿ ಇಟ್ಟು ಹೋದರಂತೆ. ಸಾವಕಾರರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸಂಘಕ್ಕೆ ಇನ್ನೊಬ್ಬ ರೋಗಿ ಸಿಕ್ಕ. ಹಿರೇಕೆರೂರು ಕಡೆಯವನು, ವಯಸ್ಸು ಇನ್ನೂ ಚಿಕ್ಕದು, ಗಂಟಲಲ್ಲಿ ನಳಿಕೆ ಇತ್ತು, ಟವೆಲನ್ನು ಕೊರಳಿಗೆ ಸುತ್ತಿದೆವು. ನಾಲ್ಕು ವಾಕ್ಯ ಹಾಗೇ ಉಳಿದವು, ‘ಹುಲಿ’ ಎಂಬಲ್ಲಿ ‘ಯುವಕ’ ಎಂದು ತಿದ್ದಿದೆ. ಮೈಕು ಯಾಕೆ ಬಿಡಲಿಲ್ಲ ಎಂದು ಕೇಳಬಹುದು. ನಾನು ಬಿಟ್ಟರೆ ನನಗಿಂತ ಕೆಟ್ಟವನು ಹಿಡಿಯುತ್ತಾನೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ನಿಜವೆಂದರೆ ಮೈಕು ನನಗೆ ಇಷ್ಟ.

ಅವನ ಮನೆಯ ಮುಂದೆ ಹಾಯುವುದನ್ನು ತಪ್ಪಿಸಲು ಎಂಟು ತಿಂಗಳು ಸುತ್ತುಬಳಸಿ ಶಾಲೆಗೆ ಹೋದೆ. ರೋಗ ತಿರುಗಿ ಬಂದಿದೆ, ಈ ಸಲ ನಾಲಿಗೆಗೆ ಎಂದು ಕೇಳಿದ ಮೇಲೆ ಒಂದು ಭಾನುವಾರ ಹೋದೆ. ಶಾಂತವ್ವ ಬಾಗಿಲಲ್ಲಿ ನಿಂತು ನನ್ನನ್ನು ಒಮ್ಮೆ ನೋಡಿದಳು. ಬರ್ರಿ ಎನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ. ಒಳಗೆ ಹೋದೆ. ಮೂಗಿಗೆ ನಳಿಕೆ ಹಾಕಿ ಗಂಜಿ ಬಿಡುತ್ತಿದ್ದರು. ಕ್ಷಮೆ ಕೇಳಬೇಕೆಂದು ದಾರಿಯಲ್ಲಿ ವಾಕ್ಯ ಕೂಡಿಸಿಕೊಂಡು ಹೋಗಿದ್ದೆ, ಅಲ್ಲಿ ಬಾಯಿಗೆ ಬರಲಿಲ್ಲ. ಅವನೇ ಮಾತಾಡಿದ. ನನಗೂ ತ್ರಾಸಾಯಿತು ತಿಳಿಯಲು. ಶಾಂತವ್ವ ಗಂಜಿಯ ಲೋಟ ಹಿಡಿದುಕೊಂಡೇ, ನನ್ನ ಕಡೆ ನೋಡದೆ ಬಿಡಿಸಿ ಹೇಳಿದಳು.

“ಹೊಸಬ ಹೆಂಗ ಮಾಡ್ತಾನ ಅಂತ ಕೇಳಾಕತ್ತಾರ್ರಿ.”

“ಪರವಾಗಿಲ್ಲ” ಎಂದೆ.

ಅವನ ಕಣ್ಣು ಸಣ್ಣದಾಯಿತು. ಹಳೆಯ ಹೊಟ್ಟೆಕಿಚ್ಚು ಅದು, ನನಗೆ ಗುರುತಿತ್ತು. ಮತ್ತೇನೋ ಹೇಳಿದ.

“ಅಂವ ಲಗೂ ತಗದುಬಿಡ್ತಾನಂತ. ತಡೀಬೇಕಂತ ಹೇಳ್ರಿ ಅಂತಾರ. ಮಂದಿ ಉಸಿರು ಹಿಡಿಯೂತನಕ ತಡೀಬೇಕಂತ.”

ಶಾಂತವ್ವ ಅಷ್ಟು ಹೇಳಿ ಲೋಟವನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋದಳು. ನಾನು ಅವನ ಕೈ ಹಿಡಿದುಕೊಳ್ಳಲು ಹೋದೆ. ಅವನು ಕೈ ಎಳೆದುಕೊಂಡ. ಹದಿನಾರು ದಿನಕ್ಕೆ ತೀರಿಕೊಂಡ.

ಮೇಡ್ಲೇರಿಯಲ್ಲಿ ಅವನ ಅಣ್ಣತಮ್ಮಂದಿರ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಬ್ಯಾಡಗಿಯಿಂದ ಹಮಾಲರು ಬಂದಿದ್ದರು. ಸಂಘದಿಂದ ದೊಡ್ಡ ಹೂವಿನ ಹಾರ ಬಂತು, ಸಂಘದ ಹೆಸರಿನ ಪಟ್ಟಿಯ ಸಮೇತ. ಶಾಂತವ್ವ ಪಟ್ಟಿ ಕಿತ್ತು ಹಾರ ಹಾಕಿದಳು.

ಒಂದು ತಿಂಗಳಾದ ಮೇಲೆ ಅವನ ಮಗಳು ನಮ್ಮ ಶಿಕ್ಷಕರ ಕೋಣೆಗೆ ಬಂದಳು. ಈಗ ಹತ್ತನೆಯ ತರಗತಿ. ಉದ್ದ ಕಾಲು, ತಂದೆಯದೇ ಮೈಕಟ್ಟು. ಕೈಯಲ್ಲಿ ಸಂಘದ ಫಾರ್ಮು. ವ್ಯಸನಮುಕ್ತಿ ಹಳೆಯದಾಯಿತೆಂದು ಸಾವಕಾರರು ಈ ವರ್ಷ ‘ಹೆಣ್ಣುಮಕ್ಕಳ ಸಬಲೀಕರಣ’ ಹಿಡಿದಿದ್ದಾರೆ. ಹುಡುಗಿಯರ ತಂಡ ಕಟ್ಟುತ್ತಿದ್ದಾರೆ. ಮ್ಯಾಟ್ ಅದೇ, ಜರ್ಸಿಯ ಎದೆಯ ಮೇಲಿನ ಹೆಸರೂ ಅದೇ.

“ಸಾಲಿಯವ್ರ ಸಹಿ ಬೇಕಂತ್ರಿ ಸರ್.”

ಫಾರ್ಮು ಹಿಡಿದುಕೊಂಡು ಕುಳಿತೆ. “ನಿಮ್ಮವ್ವಗ ಗೊತ್ತೈತಿ?”

“ಗೊತ್ತೈತ್ರಿ. ಬ್ಯಾಡ ಅಂದ್ಲು. ಎರಡು ದಿನ ಮಾತಾಡ್ಲಿಲ್ಲ. ಆಮ್ಯಾಲ ಸುಮ್ಮನಾದ್ಲು.”

“ಜರ್ಸಿ ಮ್ಯಾಲ ಏನೈತಿ ನೋಡಿದಿ?”

“ನೋಡೇನ್ರಿ. ಬ್ಯಾರೆ ಕಡೆ ಎಲ್ಲೂ ಮ್ಯಾಟ್ ಇಲ್ರಿ ಸರ್. ನಾ ಆಡಬೇಕು.” ಮತ್ತೆ ಹೇಳಿದಳು: “ಇಂಥವ್ರ ಮಗಳು ಅಂತ ಮೈಕಿನ್ಯಾಗ ಹೇಳಸ್ತೇವಿ ಅಂದ್ರು ಸಾವಕಾರ್ರು. ನಾ ಒಲ್ಲೆ ಅಂದೆ.”

ಸಹಿ ಮಾಡಿದೆ. ಅವಳು ಫಾರ್ಮು ತೆಗೆದುಕೊಂಡಳು, ಹೋಗಲಿಲ್ಲ.

“ಅವತ್ತು ಹಾವೇರ್ಯಾಗ ನಾ ಗ್ಯಾಲರಿಯಾಗ ಇದ್ದೆ ಸರ್. ನಮ್ಮ ಸಾಲಿ ಬಸ್ಸಿನ್ಯಾಗ ಬಂದಿದ್ದೆ.”

ನನಗೆ ಗೊತ್ತಿರಲಿಲ್ಲ. ನಮ್ಮ ಶಾಲೆಯ ಬಸ್ಸಿಗೆ ಎಷ್ಟು ಮಕ್ಕಳೆಂದು ಲೆಕ್ಕ ಕೊಟ್ಟವನು ನಾನೇ, ಹೆಸರು ನೋಡಿರಲಿಲ್ಲ.

“ನೀವು ಹಂಗ ಅಂದಾಗ ಬಾಜೂಕ ಕುಂತವ್ರೆಲ್ಲಾ ನಕ್ಕರು. ನಾನೂ ನಕ್ಕೆ,” ಎಂದಳು. “ಸರ್, ನಾ ಔಟಾದ್ರ ಔಟ್ ಅಂತ ಅಷ್ಟ ಅನ್ರಿ. ಮುಂದ ಏನೂ ಅನಬ್ಯಾಡ್ರಿ.”

ಹುಡುಗಿಯರ ಮೊದಲ ಪಂದ್ಯ ರಾಣೆಬೆನ್ನೂರಿನಲ್ಲೇ ಆಯಿತು. ಮೊದಲ ರೇಡಿನಲ್ಲಿ ಇಬ್ಬರನ್ನು ಮುಟ್ಟಿ ಬಂದಳು. ಎರಡನೆಯದರಲ್ಲಿ ಗೆರೆಗೆ ಒಂದು ಗೇಣು ಇರುವಾಗ ಐದು ಜನ ಸೇರಿ ಕೆಡವಿದರು. “ಔಟ್” ಎಂದೆ. ಗ್ಯಾಲರಿ ನನ್ನ ಮುಂದಿನ ಮಾತಿಗಾಗಿ ಬಾಯಿ ತೆರೆದು ಕಾಯುತ್ತಿತ್ತು. ಅವಳು ಮ್ಯಾಟ್ ಮೇಲಿಂದ ಎದ್ದಳು. ರೆಫರಿಯನ್ನು ನೋಡಲಿಲ್ಲ, ಅಂಕದ ಬೋರ್ಡನ್ನೂ ನೋಡಲಿಲ್ಲ. ನನ್ನ ಮೇಜಿನ ಕಡೆ ನೋಡುತ್ತ, ನಾನು ಮೈಕನ್ನು ಕೆಳಗಿಡುವ ತನಕ ಅಲ್ಲೇ ನಿಂತಳು.